ಪ್ರತಿಭೆಯ ಪುರಾಣ, ಬಾಡಿಗೆಯ ಲೆಕ್ಕ

ಪವಾಡದ ಕಥೆಗಳಿಗೆಲ್ಲ ಒಂದು ಸಾಮಾನ್ಯ ಗುಣವಿದೆ. ಅವನ್ನು ಕೊನೆಯಿಂದ ಮೊದಲಿಗೆ ಕಟ್ಟಿರುತ್ತಾರೆ. ಮಹಿಮೆ ಮೊದಲು ಸ್ಥಾಪನೆಯಾಗುತ್ತದೆ, ಅದಕ್ಕೆ ಒಪ್ಪುವ ಬಾಲ್ಯ ಆಮೇಲೆ ಹುಟ್ಟಿಕೊಳ್ಳುತ್ತದೆ. ತೊಟ್ಟಿಲಲ್ಲಿದ್ದಾಗಲೇ ಲಕ್ಷಣ ಕಂಡಿತ್ತು, ಐದನೇ ವಯಸ್ಸಿಗೇ ಊರವರು ಬೆರಗಾಗಿದ್ದರು ಎಂದು ಸಾಕ್ಷಿ ಹೇಳುವವರಿಗೆ ಬರಗಾಲವೇನೂ ಇರುವುದಿಲ್ಲ. ಹಿಂದೆ ಗದ್ದಿಗೆಗಳ ಸುತ್ತ ಬೆಳೆಯುತ್ತಿದ್ದ ಇಂಥ ಕಥೆಗಳು ಈಗ ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಬೆಳೆಯುತ್ತಿವೆ. ದೇವರ ಜಾಗದಲ್ಲಿ ಪ್ರತಿಭೆ ಬಂದಿದೆ, ಸನ್ಯಾಸದ ಜಾಗದಲ್ಲಿ ರಾಜೀನಾಮೆ.

ಬೆಂಗಳೂರಿನ ಬೇಗೂರಿನ ಕಡೆ ಕೇಳಸಿಗುವ ಪಾಠ ಹೀಗಿದೆ. ಹುಡುಗ ಚಿಕ್ಕಂದಿನಲ್ಲಿ ಗೋಡೆ ತುಂಬ ಚಿತ್ರ ಗೀಚುತ್ತಿದ್ದ. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಸಿನಿಮಾ ಹೆಸರುಗಳನ್ನು ಬಗೆಬಗೆಯ ಅಕ್ಷರಗಳಲ್ಲಿ ಬರೆಯುತ್ತಿದ್ದ. ಅಪ್ಪ ಬಲವಂತವಾಗಿ ಎಂಜಿನಿಯರಿಂಗಿಗೆ ಸೇರಿಸಿದರು. ಕಂಪನಿ ಸೇರಿದ, ವೆಬ್ ಡಿಸೈನರ್ ಆದ, ಉಸಿರುಗಟ್ಟಿತು. ಒಂದು ದಿನ ಧೈರ್ಯ ಮಾಡಿ ಐಡಿ ಕಾರ್ಡು ಬಿಸಾಕಿ ಹೊರಬಂದ. ಈಗ ಫ್ರೀಲ್ಯಾನ್ಸರ್. ತನಗೆ ತಾನೇ ಬಾಸ್, ಬರ್ಮುಡಾ ತೊಟ್ಟು ಬಾಲ್ಕನಿಯಲ್ಲಿ ಕೂತು ಅಮೆರಿಕದವರ ಕೆಲಸ ಮಾಡಿ ಡಾಲರ್ ಎಣಿಸುತ್ತಾನೆ. ಕಾಲೇಜುಗಳ ಪ್ರೇರಣಾ ಭಾಷಣಗಳಲ್ಲಿ ಈ ಕಥೆಗೆ ಚಪ್ಪಾಳೆ ಖಚಿತ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಒಂದು ಸಮಿತಿ ರಚಿಸಿದರು. ಪವಾಡ ಮಾಡುತ್ತೇವೆ ಎನ್ನುವವರು ನಮ್ಮ ಕಣ್ಣೆದುರು, ನಾವು ಹೇಳಿದ ಸ್ಥಿತಿಯಲ್ಲಿ ಮಾಡಿ ತೋರಿಸಲಿ ಎಂಬುದಷ್ಟೇ ಸಮಿತಿಯ ಕೋರಿಕೆ. ದೊಡ್ಡ ದೊಡ್ಡ ಹೆಸರಿನವರು ಆ ಕಡೆ ತಲೆ ಹಾಕಲಿಲ್ಲ. ಎಚ್‌.ಎನ್. ಅವರ ಆ ಕ್ರಮ ಬೂದಿ, ಉಂಗುರಗಳಿಗೆ ಮಾತ್ರ ಮೀಸಲಾದದ್ದು ಎಂದು ನಾವು ತಿಳಿದುಬಿಟ್ಟಿದ್ದೇವೆ. ಯಶಸ್ಸಿನ ಕಥೆಗಳನ್ನೂ ಅದೇ ಮೇಜಿನ ಮೇಲಿಟ್ಟು ನೋಡಬಹುದು. ತೋಳಿನೊಳಗೆ ಏನಿತ್ತು? ಇದೇ ಮಂತ್ರ ಹೇಳಿಯೂ ಫಲ ಕಾಣದವರು ಎಷ್ಟು ಮಂದಿ? ಖರ್ಚು ಕೊಟ್ಟವರು ಯಾರು?

ಗೋಡೆಯ ಮೇಲೆ ಗೀಚದ ಮಗುವನ್ನು ನಾನಂತೂ ಕಂಡಿಲ್ಲ. ಇದ್ದಿಲೋ ಸೀಮೆಸುಣ್ಣವೋ ಕೈಗೆ ಸಿಕ್ಕರೆ ಸಾಕು, ಎಲ್ಲ ಮಕ್ಕಳೂ ಗೀಚುತ್ತವೆ. ಮುಂದೆ ಡಿಸೈನರ್ ಆದವನ ಗೀಚು ಪ್ರತಿಭೆಯ ಮುನ್ಸೂಚನೆಯಾಗುತ್ತದೆ, ಗಾರೆ ಕೆಲಸಕ್ಕೆ ಹೋದವನ ಗೀಚು ಸುಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಹಿಂದುಮುಂದಿನ ಗಲ್ಲಿಗಳಲ್ಲಿ ಬೆಳಿಗ್ಗೆ ಆರೂವರೆಗೆ ನಡೆದು ನೋಡಿ. ಹೆಂಗಸೊಬ್ಬಳು ಬಾಗಿಲ ಮುಂದೆ ನೀರು ಚಿಮುಕಿಸಿ ಹದಿನೈದು ಚುಕ್ಕಿ ಇಡುತ್ತಾಳೆ, ಎಡಬದಿಗೊಂದು ಬಲಬದಿಗೊಂದು ಇಳಿಸುತ್ತ ಒಂದರವರೆಗೆ ಬರುತ್ತಾಳೆ, ಆಮೇಲೆ ಪುಡಿ ಹಿಡಿದ ಬೆರಳು ಎತ್ತದೆ ಚುಕ್ಕಿಗಳ ನಡುವೆ ಬಳ್ಳಿ ಹರಿಸುತ್ತಾಳೆ. ಸಮತೋಲ, ಖಾಲಿ ಜಾಗದ ಲೆಕ್ಕ, ತಪ್ಪಿದರೆ ಎಲ್ಲಿಂದ ತಿದ್ದಬೇಕೆಂಬ ಅಂದಾಜು, ಎಲ್ಲವೂ ಅಲ್ಲಿದೆ. ಕಂಪನಿಗಳಲ್ಲಿ ಗ್ರಿಡ್ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಕಲಿಸುವುದು ಇದನ್ನೇ. ಎಂಟು ಗಂಟೆಗೆ ಆಕೆ ಊಟದ ಡಬ್ಬಿ ಹಿಡಿದು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೊರಡುತ್ತಾಳೆ. ಆಕೆಯ ಬಾಲ್ಯದ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ದೈವದತ್ತವಾದ ಪ್ರತಿಭೆ ಎಂದು ನಾವು ಹೇಳುವಾಗ, ದೈವ ಯಾಕೆ ಇಷ್ಟು ನಿಯಮಿತವಾಗಿ ಕಂಪ್ಯೂಟರ್ ಇರುವ ಮನೆಗಳಿಗೇ ದತ್ತ ಮಾಡುತ್ತದೆ ಎಂದು ಕೇಳುವುದಿಲ್ಲ.

ಹಾಗಾದರೆ ತೋಳಿನೊಳಗೆ ಇದ್ದದ್ದೇನು? ಮೊದಲನೆಯದಾಗಿ, ಬೇರೆಯವರು ಬಿಟ್ಟಿಯಾಗಿ ಕೊಟ್ಟ ದೊಡ್ಡ ಆಸ್ತಿ. ವೆಬ್ ಎಂಬುದೇ ಅಂಥದ್ದು. ಟಿಮ್ ಬರ್ನರ್ಸ್ ಲೀ ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಆ ತಂತ್ರವನ್ನು ಯಾವ ಹಕ್ಕುಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾವುದೇ ಪುಟದ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದರ ಒಳಗಣ ಬರಹವನ್ನು ನೋಡಬಹುದಿತ್ತು. ಒಂದು ತಲೆಮಾರಿನ ಡಿಸೈನರ್‌ಗಳು ಗುರುವಿಲ್ಲದೆ ಕಲಿತದ್ದು ಹೀಗೆ, ಇನ್ನೊಬ್ಬರ ಅಡುಗೆಮನೆಗೆ ಇಣುಕಿ. ಕನ್ನಡದ ಮಟ್ಟಿಗೆ ಈ ಉದಾರಿಗಳ ಪಟ್ಟಿ ನಮ್ಮ ಪಕ್ಕದಲ್ಲೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲೇ ಇವತ್ತಿಗೂ ಡಿಟಿಪಿ ಅಂಗಡಿಗಳ ಬೆರಳುಗಳು ಓಡುತ್ತವೆ. ಯು.ಬಿ. ಪವನಜ ಅವರು 1996ರ ಡಿಸೆಂಬರಿನಲ್ಲಿ ‘ವಿಶ್ವ ಕನ್ನಡ’ವನ್ನು ಅಂತರಜಾಲಕ್ಕೆ ತಂದಾಗ ಕನ್ನಡ ಅಕ್ಷರ ಅಲ್ಲಿ ಮೂಡುವುದೇ ದೊಡ್ಡ ಸುದ್ದಿಯಾಗಿತ್ತು. ಶೇಷಾದ್ರಿವಾಸು ಅವರ ‘ಬರಹ’ ಬಂದದ್ದು 1998ರಲ್ಲಿ. ಅರವಿಂದ ವಿ.ಕೆ. ಅವರು ‘ಗುಬ್ಬಿ’, ‘ನವಿಲು’ ಎಂಬ ಅಕ್ಷರವಿನ್ಯಾಸಗಳನ್ನು ಮಾಡಿ ಯಾರು ಬೇಕಾದರೂ ಬಳಸಿ ಎಂದು ಬಿಟ್ಟರು. ತಾನೇ ತಾನಾಗಿ ಬೆಳೆದೆ ಎನ್ನುವ ಕನ್ನಡದ ಡಿಸೈನರ್ ಒಬ್ಬ ದಿನಕ್ಕೆ ಎಷ್ಟು ಜನರ ಹೆಗಲು ತುಳಿಯುತ್ತಾನೆ ಎಂಬುದಕ್ಕೆ ಇಷ್ಟು ಹೆಸರು ಸಾಕು.

ಎರಡನೆಯದು, ಕಾಲ. ಬೊಮ್ಮನಹಳ್ಳಿಯಿಂದ ಬೇಗೂರಿನವರೆಗೆ ರಸ್ತೆಯ ಎರಡೂ ಬದಿ ಒಂದಾನೊಂದು ಕಾಲಕ್ಕೆ ಬೋರ್ಡು ಬರೆಯುವ ಆರ್ಟಿಸ್ಟುಗಳು ಕುಂಚ ಹಿಡಿದು ಬದುಕುತ್ತಿದ್ದರು. ನೆರಳು ಕೊಟ್ಟು ಉಬ್ಬಿಸಿ ಬರೆದ ಅಕ್ಷರ, ಮೂಲೆಯಲ್ಲಿ ಸಣ್ಣದಾಗಿ ಅವರ ಹೆಸರು. ಫ್ಲೆಕ್ಸ್ ಬಂತು, ಕುಂಚ ಹೋಯಿತು. ಆರ್ಟಿಸ್ಟಿನ ಮಗ ಕೋರೆಲ್‌ಡ್ರಾ ಕಲಿತು ಫ್ಲೆಕ್ಸ್ ಅಂಗಡಿ ಸೇರಿದ. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ನಗರದ ಫ್ಲೆಕ್ಸುಗಳು ರಾತ್ರೋರಾತ್ರಿ ಇಳಿದವು. ಒಳ್ಳೆಯದೇ ಆಯಿತು, ಊರಿನ ಮುಖ ಕಂಡಿತು. ಆದರೆ ಆ ಹುಡುಗ ಮತ್ತೆ ಹೊಸದನ್ನು ಕಲಿಯಬೇಕಾಯಿತು. ಮೊಬೈಲಿಗೆ ಹಬ್ಬದ ಶುಭಾಶಯದ ಚಿತ್ರ, ಶಾಸಕರ ಹುಟ್ಟುಹಬ್ಬದ ಪೋಸ್ಟರು, ಆಮೇಲೆ ಬೇಕರಿಗಳಿಗೆ, ಲೇಔಟುಗಳಿಗೆ ವೆಬ್‌ಸೈಟು. ಫ್ಲ್ಯಾಷ್ ಕಲಿತು ಮೇಲೆ ಬಂದಿದ್ದವರ ಕಸುಬು 2020ರ ಡಿಸೆಂಬರ್ 31ಕ್ಕೆ ಅಧಿಕೃತವಾಗಿ ಮುಗಿಯಿತು. ಈಗ ಎಐ ಬಂದು, ‘ಅದೇ ಮಾಡಿಕೊಡುತ್ತಲ್ಲ, ನಿಮಗ್ಯಾಕೆ ಅಷ್ಟು?’ ಎಂದು ಚೌಕಾಸಿ ಮಾಡಲು ಎಲ್ಲರಿಗೂ ಒಂದು ಅಸ್ತ್ರ ಸಿಕ್ಕಿದೆ. ಇದರಲ್ಲಿ ಯಾರ ಹಣೆಬರಹವೂ ಇಲ್ಲ. ಕೋರ್ಟಿನ ಆದೇಶ, ಕಂಪನಿಯ ನಿರ್ಧಾರ, ಯಂತ್ರದ ಬೆಲೆ, ಇವು ಜನ ಮಾಡಿದ ಸಂಗತಿಗಳು. ಜನ ಮಾಡಿದ್ದನ್ನು ಜಾತಕಕ್ಕೆ ಬರೆದುಬಿಟ್ಟರೆ ಯಾರನ್ನೂ ಲೆಕ್ಕ ಕೇಳುವಂತಿಲ್ಲ, ಆ ಅನುಕೂಲಕ್ಕಾಗಿಯೇ ಜಾತಕ ಇಷ್ಟು ಕಾಲ ಬಾಳಿಕೆ ಬಂದಿದೆ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು ನಿಂಬೆಹಣ್ಣು ಕುಯ್ಯುವ ಡಿಸೈನರನ್ನು ನಾನು ಗೇಲಿ ಮಾಡುವುದಿಲ್ಲ. ಯಾವಾಗ ಏನು ಕೈಬಿಡುತ್ತದೋ ಗೊತ್ತಿಲ್ಲದವನ ಭಯ ಅದು. ಭಯಕ್ಕೆ ನಿಂಬೆಹಣ್ಣಿಗಿಂತ ಉತ್ತಮವಾದ ಪರಿಹಾರ ಇದೆ ಎಂದು ಮಾತ್ರ ನನ್ನ ವಾದ.

ಬೇಗೂರು ಕೊಪ್ಪ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ಪರಿಚಯದ ಡಿಸೈನರ್ ಒಬ್ಬಳಿದ್ದಾಳೆ. ಚನ್ನರಾಯಪಟ್ಟಣದ ಕಡೆಯವಳು. ಸೋದರಮಾವನ ಡಿಟಿಪಿ ಅಂಗಡಿಯಲ್ಲಿ ರಜೆಯಲ್ಲಿ ಕೂತು ಲಗ್ನಪತ್ರಿಕೆ ಮಾಡುತ್ತ ಕಲಿತಳು. ಬೆಂಗಳೂರಿಗೆ ಬಂದು ಏಜೆನ್ಸಿಯೊಂದರಲ್ಲಿ ದುಡಿದಳು, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ಹೋದಳು, ಆಮೇಲೆ ಬಿಟ್ಟಳು. ಅವಳನ್ನು ಯಾವುದೋ ಕಾಲೇಜಿನವರು ಮಾತಾಡಲು ಕರೆದಿದ್ದರಂತೆ, ವಿಷಯ: ನೌಕರಿ ತೊರೆಯುವ ಧೈರ್ಯ. ನಾನು ಆ ಧೈರ್ಯದ ಬಗ್ಗೆ ಕೇಳಿದೆ.

“ಧೈರ್ಯ ಗೀರ್ಯ ಏನಿಲ್ಲ ಸರ್. ಡೇಕೇರು ಆರೂವರೆಗೆ ಮುಚ್ಚುತ್ತೆ. ನಮ್ಮ ಕಾಲ್ ಶುರುವಾಗ್ತಿದ್ದದ್ದೇ ಆರೂವರೆಗೆ. ಮಗೂನ ಕರ್ಕೊಂಡು ಬರೋರು ಇರ್ಲಿಲ್ಲ, ಅಷ್ಟೆ.”

ಗಂಡ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಾನೆ. ಆತನ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಆಸ್ಪತ್ರೆಗೆ ಆತನ ಇಎಸ್‌ಐ ಇದೆ. ಅವಳ ಸ್ವತಂತ್ರ ವೃತ್ತಿ ನಿಂತಿರುವುದು ಈ ಪರತಂತ್ರ ನೌಕರಿಯ ಮೇಲೆ. ಇದನ್ನು ಹೇಳಿದರೆ ಕಥೆಯ ರಂಗು ಹೋಗುತ್ತದೆ, ಆದ್ದರಿಂದ ಹೇಳುವುದಿಲ್ಲ. ಆದರೆ ಹೇಳದಿರುವುದರಿಂದ ಹಾನಿಯಾಗುವುದು ಭಾಷಣ ಕೇಳಿ ಹುರುಪಿನಲ್ಲಿ ರಾಜೀನಾಮೆ ಕೊಡುವ, ಮನೆಯಲ್ಲಿ ಎರಡನೇ ಸಂಬಳವಿಲ್ಲದ ಹುಡುಗನಿಗೆ. ಸೋತು ಮತ್ತೆ ಕಂಪನಿಯ ಬಾಗಿಲು ತಟ್ಟಿದವನನ್ನು ಯಾವ ಕಾಲೇಜೂ ಭಾಷಣಕ್ಕೆ ಕರೆಯುವುದಿಲ್ಲವಾದ್ದರಿಂದ ಸೋಲಿನ ಲೆಕ್ಕ ಯಾರ ಹತ್ತಿರವೂ ಇಲ್ಲ. ಹರಕೆ ಫಲಿಸಿದವರು ಮಾತ್ರ ದೇವಸ್ಥಾನಕ್ಕೆ ಗಂಟೆ ಕಟ್ಟುತ್ತಾರೆ.

ಫ್ರೀಲ್ಯಾನ್ಸ್ ಬದುಕಿನ ನಿಜವಾದ ವ್ಯಾಕರಣ ಇರುವುದು ತಾರೀಖುಗಳಲ್ಲಿ. ಬಾಡಿಗೆ ಐದನೇ ತಾರೀಖು. ಶಾಲೆಯ ಫೀಸು ಜೂನಿನಲ್ಲಿ. ಕಕ್ಷಿದಾರರ ಹಣ ಬರುವುದು ಅವರ ಅಕೌಂಟ್ಸ್ ವಿಭಾಗದವರು ರಜೆ ಮುಗಿಸಿ ಬಂದ ಮೇಲೆ, ಅದೂ ಶೇ 10ರಷ್ಟು ಟಿಡಿಎಸ್ ಹಿಡಿದು. ಮನೆ ಮಾಲೀಕ ಅಗ್ರಿಮೆಂಟಿಗೆ ಮುಂಚೆ ‘ಎಲ್ಲಿ ಕೆಲಸ?’ ಎಂದು ಕೇಳುತ್ತಾನೆ. ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಹೆಣ್ಣು ಕೊಡುವ ಮನೆಯವರಿಗೆ ಫ್ರೀಲ್ಯಾನ್ಸರ್ ಎಂದರೆ ಸದ್ಯಕ್ಕೆ ಕೆಲಸವಿಲ್ಲ ಎಂದೇ ಕೇಳಿಸುತ್ತದೆ. ಇದೆಲ್ಲ ತಮಾಷೆಯಾಗಿ ಕಾಣಬಹುದು, ಆದರೆ ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲೇ.

ಒಮ್ಮೆ ಆಕೆಗೆ ಟಿಕೆಟ್ ಬುಕಿಂಗ್ ಸಂಸ್ಥೆಯೊಂದರ ಕೆಲಸ ಬಂತು. ಎಲ್ಲ ಮುಗಿಯುವ ಹೊತ್ತಿಗೆ ಅವರ ಮ್ಯಾನೇಜರ್ ಎರಡು ಸಣ್ಣ ಬದಲಾವಣೆ ಕೇಳಿದ. ಪ್ರಯಾಣ ವಿಮೆಯ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರಲಿ. ‘ವಿಮೆ ಬೇಡ’ ಎಂಬ ಆಯ್ಕೆ ತಿಳಿಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ, ಕೆಳಗೆ ಇರಲಿ. ಕೆಲಸ ಹತ್ತು ನಿಮಿಷದ್ದು. ಆದರೆ ಆ ಹತ್ತು ನಿಮಿಷದ ಫಲ ಯಾರ ಮೇಲೆ ಬೀಳುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊಬೈಲಿನಲ್ಲಿ ಕಣ್ಣು ಕಿರಿದು ಮಾಡಿ ಇಂಗ್ಲಿಷ್ ಓದುವ, ಹಬ್ಬಕ್ಕೆ ಊರಿಗೆ ಟಿಕೆಟ್ ತೆಗೆಸುವ ಅವಳ ತಂದೆಯಂಥವರ ಮೇಲೆ. ಪ್ರತಿಯೊಬ್ಬರಿಂದ ಕೆಲವೇ ರೂಪಾಯಿ. ಜೇಬುಗಳ್ಳನಿಗೆ ಬೇಕಾಗುವಷ್ಟು ಧೈರ್ಯವೂ ಈ ಕೆಲಸಕ್ಕೆ ಬೇಡ. ಇಂಥ ಕುಟಿಲ ವಿನ್ಯಾಸಗಳಿಗೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರಂದು ಇಂಥ ಹದಿಮೂರು ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಕೇಳದೆ ಬುಟ್ಟಿಗೆ ಸರಕು ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎಂದವರನ್ನು ನಾಚಿಸುವುದು, ಒಳಗೆ ಬರಲು ಒಂದು ಗುಂಡಿ ಹೊರಗೆ ಹೋಗಲು ಹತ್ತು ಬಾಗಿಲು ಇಡುವುದು, ಎಲ್ಲವೂ ಅದರಲ್ಲಿವೆ.

ಆಕೆ ಆ ಬದಲಾವಣೆ ಮಾಡಿಕೊಟ್ಟಳು. ಅವತ್ತು ತಿಂಗಳ ಮೂರನೇ ತಾರೀಖು.

ಇದನ್ನು ಕೇಳಿ ಮೂಗು ಮುರಿಯುವುದು ಸುಲಭ. ನೀತಿಬೋಧಕರು ನಮ್ಮಲ್ಲಿ ಯಾವಾಗಲೂ ಬಾಡಿಗೆ ಇಲ್ಲದ ಮನೆಯಲ್ಲಿದ್ದವರೇ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ‘ಆಗಲ್ಲ’ ಎನ್ನಲು ಅವಳಿಗೆ ಏನು ಬೇಕಿತ್ತು? ಮೂರು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿದ್ದರೆ ಸಾಕಿತ್ತು. ಆ ದುಡ್ಡು ಅವಳ ಬಳಿ ಇಲ್ಲವೆಂದಲ್ಲ. ಅದು ಮನೆ ಮಾಲೀಕನ ಬಳಿ ಇತ್ತು. ಬೆಂಗಳೂರಿನ ಹಳೇ ಪದ್ಧತಿಯಂತೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಎಣಿಸಿ ಕೊಟ್ಟಿದ್ದಳು. ಬಡ್ಡಿಯಿಲ್ಲ, ಬಣ್ಣ ಬಳಿಸುವ ಖರ್ಚು ಬೇರೆ ಅದರಲ್ಲೇ ಕಳೆಯುತ್ತದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಮಾದರಿ ಮಾದರಿಯಾಗಿಯೇ ಇದೆ. ಒಬ್ಬ ವೃತ್ತಿಗಾರ್ತಿಯ ಆತ್ಮಸಾಕ್ಷಿಗೂ ಬೇಗೂರಿನ ಬಾಡಿಗೆ ಕರಾರಿಗೂ ಇಷ್ಟು ನೇರವಾದ ಸಂಬಂಧ ಇದೆ ಎಂದು ಯಾವ ನೀತಿಶಾಸ್ತ್ರದ ಪಠ್ಯದಲ್ಲೂ ನಾನು ಓದಿರಲಿಲ್ಲ.

ಫ್ರೀಲ್ಯಾನ್ಸಿಂಗಿನಲ್ಲಿ ಸ್ವಾತಂತ್ರ್ಯ ಎಂದು ನಾವು ಕೊಂಡಾಡುವುದು ಬರ್ಮುಡಾ, ಬಾಲ್ಕನಿ, ಬೇಕಾದಾಗ ರಜೆ. ಇವು ಸೌಕರ್ಯಗಳು, ಬೇಡವೆನ್ನಲಾರೆ. ಆದರೆ ಕೈಯಲ್ಲಿ ಕಸುಬು ಇರುವವನಿಗೆ, ಆ ಕಸುಬನ್ನು ಇನ್ನೊಬ್ಬರ ಕೇಡಿಗೆ ಬಳಸಲು ಒಲ್ಲೆ ಎನ್ನುವ ಶಕ್ತಿಯೇ ಸ್ವಾತಂತ್ರ್ಯ. ಈ ಅಳತೆಯಲ್ಲಿ ನೋಡಿದರೆ ಕಂಪನಿಯ ನೌಕರ ಹಲವು ಸಲ ಫ್ರೀಲ್ಯಾನ್ಸರನಿಗಿಂತ ಸ್ವತಂತ್ರ. ಅವನಿಗೆ ನೋಟಿಸ್ ಅವಧಿ ಇದೆ, ಪಿಎಫ್ ಇದೆ, ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬನಿದ್ದಾನೆ. ಬೇಕೆಂದರೆ 2017ರಲ್ಲಿ ನೋಂದಣಿಯಾದ ಐಟಿ ನೌಕರರ ಸಂಘವೂ ಇದೆ. ಒಂಟಿಯಾಗಿ ಮನೆಯಲ್ಲಿ ಕೂತವಳಿಗೆ ಇವಾವುವೂ ಇಲ್ಲ.

ಕಾನೂನು ಪೂರ್ತಿ ಕಣ್ಣು ಮುಚ್ಚಿಕೊಂಡಿಲ್ಲ ಎಂಬುದನ್ನೂ ಹೇಳಬೇಕು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದಿಂದ ಸೇವೆ ಪಡೆದವರು 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಒಬ್ಬಂಟಿ ಡಿಸೈನರ್ ಕೂಡ ಇದನ್ನು ಕೇಳಬಹುದು. ಕೇಳುವವರು ಕಡಿಮೆ, ಏಕೆಂದರೆ ಬಡ್ಡಿ ಕೇಳಿದವರಿಗೆ ಮುಂದಿನ ಕೆಲಸ ಬರುವುದಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕಾಯ್ದೆ ತಂದಿತು. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರಷ್ಟು ಶುಲ್ಕವನ್ನು ವೇದಿಕೆ ಕಂಪನಿಗಳಿಂದ ಪಡೆದು ನಿಧಿ ಮಾಡುವ ಏರ್ಪಾಡು. ಊಟ ತಂದುಕೊಡುವ, ಗಾಡಿ ಓಡಿಸುವ ಹುಡುಗರಿಗೆ ಇದು ದೊಡ್ಡ ಹೆಜ್ಜೆ. ಆದರೆ ವೇದಿಕೆಯ ಹಂಗಿಲ್ಲದೆ, ಪರಿಚಯದ ಮೇಲೆ ಬೇಕರಿಗೋ ಶಾಲೆಗೋ ವೆಬ್‌ಸೈಟ್ ಮಾಡಿಕೊಡುವವರು ಅದರ ಕೈಗೆ ಸಿಗುವುದಿಲ್ಲ.

ಅವಳ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು, ಏಕೆಂದರೆ ವಿಮೆಯ ಟಿಕ್ ಒಂದರಿಂದಲೇ ಅವಳನ್ನು ಅಳೆದರೆ ಅನ್ಯಾಯ. ಸಣ್ಣ ರಕ್ತಪರೀಕ್ಷಾ ಕೇಂದ್ರವೊಂದಕ್ಕೆ ಕನ್ನಡದಲ್ಲಿ ಪುಟ ಮಾಡುತ್ತಿದ್ದಳು. ಇಂಗ್ಲಿಷಿಗೆಂದು ಅಳೆದ ಚೌಕಟ್ಟಿಗೆ ಕನ್ನಡ ತುಂಬಿದರೆ ಒತ್ತಕ್ಷರಗಳು ಕೆಳಸಾಲಿನ ತಲೆಯ ಮೇಲೆ ಕಾಲಿಡುತ್ತವೆ. ಸಾಲಿನ ಎತ್ತರ 1.2 ಇದ್ದದ್ದನ್ನು 1.6ಕ್ಕೆ ಏರಿಸಬೇಕು. ‘ರಿಪೋರ್ಟ್ ಪಡೆದುಕೊಳ್ಳಿ’ ಎಂಬುದು ಇಂಗ್ಲಿಷಿನ ಗುಂಡಿಯೊಳಗೆ ಹಿಡಿಸುವುದಿಲ್ಲ, ಗುಂಡಿಯನ್ನೇ ಅಗಲಿಸಬೇಕು, ಆಗ ಪಕ್ಕದ್ದು ಕೆಳಗೆ ಜಾರುತ್ತದೆ. ಫೋಟೋಶಾಪಿನಲ್ಲಿ ಪ್ಯಾರಾಗ್ರಾಫಿನ ಒಂದು ಆಯ್ಕೆ ಬದಲಿಸದಿದ್ದರೆ ‘ಸ್ತ್ರೀ’ ಎಂಬ ಅಕ್ಷರ ತುಂಡು ತುಂಡಾಗಿ ಬೀಳುತ್ತದೆ. ಈ ಕಿರಿಕಿರಿ ಬೇಡವೆಂದು ಬಹಳ ಜನ ಕನ್ನಡವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿ, ಚಿತ್ರವಾಗಿ ಉಳಿಸಿ, ಪುಟಕ್ಕೆ ಅಂಟಿಸಿಬಿಡುತ್ತಾರೆ. ನೋಡಲು ಚೆಂದ. ಕೇಂದ್ರದವರೂ ‘ಇಮೇಜ್ ಹಾಕಿಬಿಡಿ ಮೇಡಂ, ಯಾರು ನೋಡ್ತಾರೆ’ ಎಂದರು.

ನೋಡದವರಿಗಾಗಿಯೇ ಅವಳು ಒಪ್ಪಲಿಲ್ಲ. ಅಂಧರು ಕಂಪ್ಯೂಟರನ್ನು ಬಳಸುವುದು ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶದ ಮೂಲಕ. ಅಂಥ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ, ಆದರೆ ಅದು ಬರಹವಾಗಿರಬೇಕು. ಚಿತ್ರವಾಗಿ ಅಂಟಿಸಿದ ಕನ್ನಡದ ಮುಂದೆ ಅದು ಮೂಕ. ಅಂದರೆ ನಮ್ಮ ಭಾಷೆಯ ಚೆಂದಕ್ಕೆಂದು ಮಾಡಿದ ಅಡ್ಡದಾರಿ, ಕಣ್ಣಿಲ್ಲದ ಕನ್ನಡಿಗನೊಬ್ಬನನ್ನು ಕನ್ನಡದ ಹೊರಗೇ ನಿಲ್ಲಿಸುತ್ತದೆ. ಆಕೆ ಒಂದಿಡೀ ಸಂಜೆ ಕೂತು ಪ್ರತಿ ಸಾಲನ್ನೂ ಯೂನಿಕೋಡಿಗೆ ತಿರುಗಿಸಿದಳು, ಚಿತ್ರಗಳಿಗೆ ವಿವರಣೆ ಬರೆದಳು. ಅದಕ್ಕೆ ಬಿಲ್ಲು ಹಾಕಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಬದುಕುವ ಹಕ್ಕಿನ ಭಾಗವೇ ಎಂದು 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆಕೆ ಇವನ್ನು ಓದಿ ಆ ಕೆಲಸ ಮಾಡಿದವಳಲ್ಲ. ಹಾಗೆ ಮಾಡದಿದ್ದರೆ ಕೆಲಸ ಸರಿಯಾಗಿಲ್ಲ ಎನ್ನಿಸಿತು, ಮಾಡಿದಳು. ನೀತಿಗೆ ದೇವರ ಭಯ ಬೇಕೇ ಬೇಕು ಎಂದು ವಾದಿಸುವವರಿಗೆ ನಾನು ಈಗೀಗ ಈ ರಕ್ತಪರೀಕ್ಷೆಯ ಪುಟವನ್ನು ತೋರಿಸುತ್ತೇನೆ. ಅವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ, ಅದೂ ಸರಿಯೇ.

ಅದೇ ಕೈ ಒಂದು ಕಡೆ ಟಿಕ್ ಹಾಕಿತು, ಇನ್ನೊಂದು ಕಡೆ ಸಂಜೆ ಕಳೆಯಿತು. ಮನುಷ್ಯರನ್ನು ಒಳ್ಳೆಯವರು ಕೆಟ್ಟವರು ಎಂದು ಬೇರೆ ಮಾಡಿ ಇಡುವ ಪುರಾಣದ ಪದ್ಧತಿ ಇಲ್ಲಿ ಉಪಯೋಗಕ್ಕೆ ಬಾರದು. ರಕ್ತಪರೀಕ್ಷೆಯವರು ಅರ್ಧ ಹಣ ಮುಂಗಡ ಕೊಟ್ಟಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಸರಿನ ಮಾತೂ ಒಂದಿದೆ. ಬೇಗೂರಿನ ಹೆಮ್ಮೆ ಎಂದರೆ ಶಾಸನಗಳು. ಸುಮಾರು 890ರ ಗಂಗರ ಕಾಲದ ಕಲ್ಲೊಂದರಲ್ಲಿ ಬೆಂಗಳೂರಿನ ಹೆಸರು, ಒಂದು ಕಾಳಗದ ನೆಪದಲ್ಲಿ, ಬರುತ್ತದೆ. ಇದೇ ಊರಿನಿಂದ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಹೋದ ದೊಡ್ಡ ವೀರಗಲ್ಲಿನಲ್ಲಿ ಆನೆ, ಕುದುರೆ, ಬಿಲ್ಲುಗಾರರು ಕಿಕ್ಕಿರಿದು ಕಾದಾಡುತ್ತಿದ್ದಾರೆ. ನೋಡಿದವರೆಲ್ಲ ಆ ಕಲ್ಲಿನ ವೀರ ನಾಗತ್ತರನ ಹೆಸರು ಹೇಳುತ್ತಾರೆ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಅಷ್ಟೆಲ್ಲವನ್ನು ಜೋಡಿಸಿದ ಕೈ ಯಾರದೆಂದು ಕೇಳುವವರನ್ನು ನಾನು ಕಂಡಿಲ್ಲ. ಹೊಯ್ಸಳರ ಕಾಲಕ್ಕೆ ಬಂದರೆ ಶಿಲ್ಪಿಗಳು ವಿಗ್ರಹದ ಪೀಠದಲ್ಲೇ ತಮ್ಮ ಹೆಸರು ಕೊರೆಯುತ್ತಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಊರಿಂದೂರಿಗೆ ಹೋಗಿ ಕೆಲಸ ಹಿಡಿಯುತ್ತಿದ್ದವರು, ಇಂದಿನ ಮಾತಿನಲ್ಲಿ ಫ್ರೀಲ್ಯಾನ್ಸರ್‌ಗಳೇ. ರಾಜನ ದುಡ್ಡು, ದೇವರ ಮೂರ್ತಿ, ಆದರೆ ಕೆಲಸ ನನ್ನದು ಎಂದು ಬರೆಯುವಷ್ಟು ಬಲ ಅವರಿಗಿತ್ತು. ಆ ಬಲ ಒಬ್ಬೊಬ್ಬರ ಧೈರ್ಯದ್ದಲ್ಲ, ಹಿಂದೆ ಶಿಲ್ಪಿಗಳ ಕೂಟಗಳಿದ್ದವು.

ಇವತ್ತಿನ ಡಿಸೈನರನ ಹೆಸರು ಪುಟದ ತಳದಲ್ಲೂ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರ ಮಾಡಿದ್ದು ಸಾಮಾನ್ಯವಾಗಿ ಮಾಲೀಕನದು. ಸ್ವತಂತ್ರ ವೃತ್ತಿಯವರು ಬರವಣಿಗೆಯಲ್ಲಿ ವರ್ಗಾಯಿಸುವ ತನಕ ಬಹುಪಾಲು ಕೃತಿ ಅವರದೇ, ಮತ್ತು ತನ್ನ ಕೃತಿಯ ಕರ್ತೃ ತಾನೇ ಎಂದು ಹೇಳಿಕೊಳ್ಳುವ ಹಕ್ಕು ವರ್ಗಾವಣೆಯ ನಂತರವೂ ಉಳಿಯುತ್ತದೆ. ಕಕ್ಷಿದಾರರು ಕಳಿಸುವ ಹನ್ನೆರಡು ಪುಟದ ಕರಾರಿನ ಒಂಬತ್ತನೇ ಪುಟದಲ್ಲಿ ಇದೆಲ್ಲವನ್ನೂ ಬಿಟ್ಟುಕೊಡಿಸುವ ಸಾಲು ಇರುತ್ತದೆ. ಓದುವ ವ್ಯವಧಾನ ಇದ್ದರೂ ತಿದ್ದಿಸುವ ಬಲ ಇಲ್ಲ.

ಕಾಯಕ ಎಂಬ ದೊಡ್ಡ ಹೆಸರನ್ನು ಕಂಪನಿಗಳ ಗೋಡೆಗಳ ಮೇಲೂ ಕಂಡಿದ್ದೇನೆ, ರಾತ್ರಿ ಹತ್ತರವರೆಗೆ ದುಡಿಸುವುದಕ್ಕೆ ಒಂದು ಹಿತವಾದ ಹಿನ್ನೆಲೆಯಾಗಿ. ಶರಣರ ಕಥೆಗಳಲ್ಲಿ ಬರುವುದು ದುಡಿಮೆಯ ಹೊಗಳಿಕೆ ಮಾತ್ರ ಅಲ್ಲ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ, ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಹೋಗಿ ಸುರಿದು ಬನ್ನಿ ಎಂದು ಹೇಳಿ ಕಳಿಸುತ್ತಾಳೆ. ಎಷ್ಟು, ಯಾರಿಂದ, ಯಾರಿಗೆ ಎಂದು ಕೇಳುವುದೇ ಅವಳಿಗೆ ನೀತಿ. ಭಕ್ತಿಯನ್ನು ಇಟ್ಟುಕೊಂಡು ಲೆಕ್ಕವನ್ನು ಬಿಟ್ಟುಬಿಡುವುದು ಮಾಲೀಕರಿಗೆ ಅನುಕೂಲ.

ಪರಿಹಾರ ಏನು ಎಂದು ಕೇಳಿದರೆ ನನಗೆ ತೋಚುವುದು ಹಳೆಯ ದಾರಿ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ರೈತರು ಸಹಕಾರ ಸಂಘ ಕಟ್ಟಿದಾಗ ಅವರಿಗಿದ್ದ ಭಯವೂ ತಾರೀಖಿನದೇ, ಸಾಹುಕಾರನ ತಾರೀಖಿನದು. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಲು ಹೊರಟಾಗ ಅವರು ದೇವರಿಗೆ ಹರಕೆ ಹೊರಲಿಲ್ಲ, ಯಾರ ಪ್ರೇರಣಾ ಭಾಷಣವನ್ನೂ ಕೇಳಲಿಲ್ಲ. 1957ರ ಆಗಸ್ಟಿನಲ್ಲಿ ಇದೇ ಬೆಂಗಳೂರಿನಲ್ಲಿ ಮೊದಲ ಕಾಫಿ ಕಾರ್ಮಿಕರ ಸಹಕಾರ ಸಂಘ ಕಟ್ಟಿದರು. ಚರ್ಚ್ ಸ್ಟ್ರೀಟಿನಲ್ಲಿ ಈಗಲೂ ಅವರ ಕಾಫಿ ಸಿಗುತ್ತದೆ. ಬೆಲ್ಜಿಯಂನಲ್ಲಿ ಸ್ಮಾರ್ಟ್ ಎಂಬ ಸಹಕಾರಿ ಸಂಸ್ಥೆ ಕಲಾವಿದರು, ಡಿಸೈನರ್‌ಗಳಂಥ ಸ್ವತಂತ್ರ ವೃತ್ತಿಯವರಿಗೆ ಕಕ್ಷಿದಾರ ತಡ ಮಾಡಿದರೂ ಏಳು ದಿನದಲ್ಲಿ ಹಣ ಕೊಡುತ್ತದೆ. ಎಲ್ಲರ ಬಿಲ್ಲಿನಿಂದ ಸ್ವಲ್ಪ ಹಿಡಿದು ಮಾಡಿದ ಭದ್ರತಾ ನಿಧಿ ಅದರ ಬೆನ್ನಿಗಿದೆ, ವಸೂಲಿಯ ತಲೆನೋವು ಸಂಸ್ಥೆಯದು. ಬೇಗೂರು, ಹೊಂಗಸಂದ್ರ, ಹುಳಿಮಾವುಗಳಲ್ಲಿ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಕೂತಿರುವ ಡಿಸೈನರ್‌ಗಳು ಐವತ್ತು ಜನ ಸೇರಿದರೂ ಇಂಥದ್ದೊಂದು ನಡೆದೀತು. ಕರ್ನಾಟಕದಲ್ಲಿ 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ, ಸರ್ಕಾರದ ಬಾಗಿಲು ಕಾಯುವ ಗೋಳೂ ಕಡಿಮೆ. ಟಿಕ್ ಹಾಕಲು ಒಪ್ಪದೆ ಕೆಲಸ ಕಳೆದುಕೊಂಡವರಿಗೆ ಒಂದು ತಿಂಗಳ ಬಾಡಿಗೆ ಸಂಘದಿಂದ ಎಂದು ಒಂದು ನಿಯಮ ಸೇರಿಸಿದರೆ, ಅದೇ ನನ್ನ ಕಲ್ಪನೆಯ ನೀತಿಶಾಸ್ತ್ರ.

ಇದನ್ನೆಲ್ಲ ಹುಮ್ಮಸ್ಸಿನಿಂದ ಆಕೆಗೆ ವಿವರಿಸಿದೆ. ಆಕೆ ಮಗುವಿನ ಹೋಂವರ್ಕ್ ಮೇಲೆ ಒಂದು ಕಣ್ಣಿಟ್ಟೇ ಕೇಳಿಸಿಕೊಂಡಳು.

“ಐಡಿಯಾ ಚೆನ್ನಾಗಿದೆ ಸರ್. ಆದ್ರೆ ನಾವು ಐವತ್ತು ಜನಾನೂ ಒಂದೇ ಕ್ಲೈಂಟ್ ಹಿಂದೆ ರೇಟು ಇಳಿಸ್ಕೊಂಡು ಓಡ್ತಾ ಇದ್ದೀವಲ್ಲ? ಮೊದ್ಲು ಯಾರು ಯಾರಿಗೆ ಫೋನ್ ಮಾಡ್ಬೇಕು?”

ಸದ್ಯಕ್ಕೆ ಇಬ್ಬರಿಗೆ ಮಾಡಿದ್ದಾಳೆ. ಒಬ್ಬ ಕರಾರಿನ ಮಾದರಿ ಕಳಿಸಲು ಹೇಳಿದ್ದಾನೆ. ಇನ್ನೊಬ್ಬ ರೇಟು ಎಷ್ಟಿಟ್ಟಿದ್ದೀರಿ ಎಂದು ಮಾತ್ರ ಕೇಳಿದನಂತೆ. ಆಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.